ತೆಗೆದಿಟ್ಟ ನೀರು

ಮಾರ್ಚ್ 3, ಸೋಮವಾರ

ನನ್ನ ಗಂಡ ಇವತ್ತು ಬೆಳಿಗ್ಗೆ ಹೊರಟುಹೋದ.

ನನ್ನ ಗಂಡ. ಈ ಎರಡು ಪದ ಬರೆಯುವುದಕ್ಕೆಂದೇ ಈ ಪುಸ್ತಕ ತೆರೆದೆ ಎಂದರೂ ತಪ್ಪಿಲ್ಲ. ನನ್ನ ಗಂಡ, ನನ್ನ ಗಂಡ, ನನ್ನ ಗಂಡ. ಬರೆದಷ್ಟೂ ಹೊಸದಾಗಿ ಕಾಣುತ್ತದೆ, ಹೊಸ ಚಪ್ಪಲಿಯಂತೆ ಸ್ವಲ್ಪ ಕಚ್ಚುತ್ತದೆ ಕೂಡ. ಮದುವೆಯ ಉಡುಗೊರೆಗಳ ಕಾಗದವನ್ನೇ ಇನ್ನೂ ಪೂರ್ತಿ ಬಿಚ್ಚಿಲ್ಲ. ಅಷ್ಟರಲ್ಲಿ ಎರಡು ತಿಂಗಳ ಕೆಲಸವೆಂದು ನದಿಯಾಚೆಯ ಜೌಗಿಗೆ ಸೊಳ್ಳೆ ಹಿಡಿಯಲು ಹೋಗಿದ್ದಾನೆ. ಬೇರೆ ಹೆಂಡತಿಯರಿಗೆ ಸವತಿ ಎಂದರೆ ಒಬ್ಬಳಿರಬಹುದು, ಇಬ್ಬರಿರಬಹುದು. ನನಗೆ ಮೋಡದಷ್ಟು.

ಇಂಗ್ಲಿಷಿನಲ್ಲೇ ಓದಿ ಬೆಳೆದವಳು ಕನ್ನಡದಲ್ಲಿ ಯಾಕೆ ಬರೆಯಬೇಕು? ಮಧ್ಯಾಹ್ನ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಗೀಚಿ ನೋಡಿದೆ. ಲ್ಯಾಬಿನ ವರದಿಯಾಯಿತು. ವಿಷಯ: ಗಂಡ. ಸ್ಥಿತಿ: ಗೈರುಹಾಜರಿ. ಪರಿಣಾಮ: ತೀವ್ರ. ಹರಿದುಹಾಕಿದೆ.

ಬಸ್ಸು ಹತ್ತುವಾಗ ಅವನು ಸೊಳ್ಳೆ ಕೋಣೆಯ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ. ನಾವಿಬ್ಬರೂ ಒಂದೇ ಸಂಶೋಧನಾಲಯದಲ್ಲಿ ಇರುವವರು. ಅವನು ಸೊಳ್ಳೆ ಸಾಕುವವನು, ನಾನು ಸೊಳ್ಳೆಯ ಹೊಟ್ಟೆಯಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಇವೆಯೆಂದು ಕಂಪ್ಯೂಟರಿನಲ್ಲಿ ಓದುವವಳು. ಸೊಳ್ಳೆ ಕೋಣೆ ನೋಡಿಕೊಳ್ಳುವಾಕೆ ಹೆರಿಗೆ ರಜೆಯಲ್ಲಿದ್ದಾಳೆ. ‘ನಾನು ನೋಡ್ಕೋತೀನಿ’ ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದ್ದೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಜೀವಂತ ಸೊಳ್ಳೆಯನ್ನು ಪ್ರೀತಿಯಿಂದ ನೋಡಿದವಳಲ್ಲ. ಪ್ರೇಮ ಏನೆಲ್ಲ ಮಾಡಿಸುತ್ತದೆ! ಕಥೆಯಲ್ಲಿ ರಾಕ್ಷಸನ ಪ್ರಾಣ ಗಿಣಿಯಲ್ಲಿತ್ತಂತೆ. ನನ್ನವನ ಪ್ರಾಣ ಆರು ಟ್ರೇ, ಒಂದು ಪಂಜರದಲ್ಲಿದೆ.

ಸಂಜೆ ಊಟಕ್ಕೆ ನಾನು ಮತ್ತು ಅವನ ಅಮ್ಮ, ಇಬ್ಬರೇ. ಬಡಿಸುವ ಮೊದಲೇ ಅವರು ಒಂದು ಡಬ್ಬಿಗೆ ಸ್ವಲ್ಪ ಸ್ವಲ್ಪ ಹಾಕಿ ಮುಚ್ಚಳ ಒತ್ತಿದರು. ಯಾರಿಗೆ ಎಂದು ಕೇಳಿದೆ. ‘ಅವನಿಗೆ ತೆಗ್ದಿಟ್ಟೆ’ ಎಂದರು. ಅವನು ಆ ಹೊತ್ತಿಗೆ ನದಿ ದಾಟಿರಬೇಕು. ನಗು ಬಂತು, ನುಂಗಿಕೊಂಡೆ.

ಮಾರ್ಚ್ 5

ಸೊಳ್ಳೆ ಕೋಣೆ ಒದ್ದೆ ಟವೆಲನ್ನು ಮುಖಕ್ಕೆ ಸುತ್ತಿಕೊಂಡಂತೆ ಇದೆ. ಎರಡು ಬಾಗಿಲು, ನಡುವೆ ಒಂದು ಪರದೆ, ಒಳಗೆ ಬೆಚ್ಚಗೆ, ತೇವ. ಬಿಳಿ ಟ್ರೇಗಳಲ್ಲಿ ಟೀ ಬಣ್ಣದ ನೀರು. ಅದರಲ್ಲಿ ದಾರದ ಚೂರಿನಂಥ ಮರಿಗಳು ನೀರಿನ ಮೈಗೆ ಅಂಟಿಕೊಂಡು ಅಡ್ಡಡ್ಡ ಮಲಗಿರುತ್ತವೆ. ನೆರಳು ಬಿದ್ದರೆ ಹಿಂದಕ್ಕೆ ಸರ್‍ರನೆ ಜಾರುತ್ತವೆ. ಬೆಳೆದವು ಪ್ಯೂಪಾ ಆಗುತ್ತವೆ, ಥೇಟ್ ಅಲ್ಪವಿರಾಮ ಚಿಹ್ನೆಗಳು. ಅವನ್ನು ನೀರಿನ ಸಮೇತ ಬಟ್ಟಲಿಗೆ ಬಗ್ಗಿಸಿ ಪಂಜರದೊಳಗೆ ಇಡಬೇಕು. ಅಲ್ಲಿ ಅಲ್ಪವಿರಾಮ ಒಡೆದು ಸೊಳ್ಳೆ ಬರುತ್ತದೆ.

ಇವು ಸಾಮಾನ್ಯ ಸೊಳ್ಳೆಗಳಲ್ಲ. ಜೌಗಿನ ಒಂದೇ ಒಂದು ಹೊಂಡದಿಂದ ಅವನು ತಂದ ವಂಶ. ಇವುಗಳ ಕರುಳಿನಲ್ಲಿ ಬೇರೆಲ್ಲೂ ಕಾಣದ ಒಂದು ಬ್ಯಾಕ್ಟೀರಿಯಾ ಕೂಟ ಇದೆ. ಮಲೇರಿಯಾ ರೋಗಾಣು ಇವುಗಳ ಹೊಟ್ಟೆಗೆ ಹೋದರೂ ಆ ಕೂಟ ಅದಕ್ಕೆ ಬೇರೂರಲು ಬಿಡುವುದಿಲ್ಲ. ಅವನು ಅದನ್ನು ‘ಸಂಸಾರ’ ಎನ್ನುತ್ತಾನೆ. ‘ಒಂದೊಂದು ಸೊಳ್ಳೆ ಹೊಟ್ಟೇಲೂ ಒಂದು ತುಂಬು ಸಂಸಾರ ಇದೆ’ ಎಂದು, ನಾವು ಬರಿಯ ಸಹೋದ್ಯೋಗಿಗಳಾಗಿದ್ದಾಗ, ಕ್ಯಾಂಟೀನಿನಲ್ಲಿ ನನ್ನನ್ನು ಒಲಿಸಿಕೊಳ್ಳಲು ಹೇಳಿದ್ದ. ಎಂಥ ಪ್ರೇಮಿ! ಇನ್ನೊಂದೂ ಹೇಳಿದ್ದ: ಮರಿ ಸೊಳ್ಳೆಯಾಗುವಾಗ ಹಳೆಯ ಕರುಳನ್ನೇ ಕಳಚಿಕೊಳ್ಳುತ್ತದೆ, ಸಂಸಾರದ ಬಹುಪಾಲು ಅಲ್ಲೇ ಬಿಟ್ಟುಹೋಗುತ್ತದೆ. ಆದರೆ ಹೊರಬಂದ ಕೂಡಲೇ, ರೆಕ್ಕೆ ಒಣಗುವ ಮೊದಲು, ತಾನು ಹುಟ್ಟಿದ ನೀರನ್ನು ಒಂದು ಗುಟುಕು ಕುಡಿಯುತ್ತದೆ. ಹಾಗೆ ತವರಿನದ್ದು ಜೊತೆಗೆ ಬರುತ್ತದೆ.

ಆಗಲೇ ನಾನು ಸೋತುಹೋಗಿದ್ದು. ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಮಾರ್ಚ್ 8, ಶನಿವಾರ

ಫೋನ್ ಬಂತು! ಅಲ್ಲಿ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ ಮಾತ್ರವಂತೆ. ಏಣಿ ಹತ್ತಿ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಮೊದಲು ಅವನ ಅಮ್ಮ ಮಾತಾಡಿದರು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಇವತ್ತಿಗೂ ಫೋನ್ ನನ್ನ ಕೈಗೆ ಕೊಡುವಾಗ ‘ಮಾತಾಡಿ’ ಎಂದು ಅದೇ ದನಿಯಲ್ಲಿ ಹೇಳಿ ಎದ್ದು ಆಚೆ ಹೋಗುತ್ತಾರೆ. ಕೇಳಿಸಿಕೊಳ್ಳುವುದು ನಿಯಮಕ್ಕೆ ವಿರುದ್ಧವಂತೆ.

ಅವರಿಗೆ ಕೇಳಿಸಲೆಂದು ನಾನು ಮೊದಲ ವಾಕ್ಯದಲ್ಲಿ ಮಾತ್ರ ‘ಊಟ ಆಯ್ತಾ ನಿಮ್ದು’ ಎಂದೆ. ಅವರು ಬಾಗಿಲು ದಾಟಿದ ಮೇಲೆ ‘ಬೇಗ ಬಾರೋ’ ಎಂದೆ. ಗಾಳಿ, ಗರಗರ, ಅರ್ಧ ಮಾತು ಗಾಳಿಗೇ ಹೋಯಿತು. ಒಂದು ಹೇಳುವುದು ಮರೆತಿದ್ದನಂತೆ. ಮರಿಗಳೆಲ್ಲ ಪ್ಯೂಪಾ ಆಗಿ ಟ್ರೇ ಖಾಲಿಯಾದಾಗ ಹಳೆ ನೀರು ತೆಗೆದುಬಿಡು, ಮರೀಬೇಡ, ಅದೇ ಮುಖ್ಯ ಎಂದ. ಅಷ್ಟರಲ್ಲಿ ಕಟ್ ಆಯಿತು. ನಾನು ಕಟ್ ಆದ ಫೋನನ್ನೇ ಇನ್ನೊಂದಷ್ಟು ಹೊತ್ತು ಕಿವಿಗೆ ಹಿಡಿದುಕೊಂಡಿದ್ದೆ.

ಮಾರ್ಚ್ 11

ಇವತ್ತು ನನ್ನನ್ನು ಯಾರಾದರೂ ನೋಡಬೇಕಿತ್ತು. ಟ್ರೇಗಳು ಖಾಲಿಯಾಗಿದ್ದವು. ಆ ಟೀ ಬಣ್ಣದ ನೀರನ್ನೆಲ್ಲ ಸಿಂಕಿಗೆ ಸುರಿದೆ. ತಳದಲ್ಲಿ ಲೋಳೆ ಹಿಡಿದಿತ್ತು, ಉಜ್ಜಿ ಉಜ್ಜಿ ತೆಗೆದೆ. ಬ್ಲೀಚಿಂಗ್ ಪುಡಿ ಹಾಕಿ ತೊಳೆದು, ಮೂರು ನೀರು ಬದಲಿಸಿ, ಕುದಿಸಿ ಆರಿಸಿ ಸೋಸಿದ ನೀರು ತುಂಬಿದೆ. ಖಾಲಿ ಬಟ್ಟಲುಗಳನ್ನೂ ಬಿಡಲಿಲ್ಲ. ಮರಿಗಳಿಗೆ ಹಾಕುವ ಮೀನಿನ ಪುಡಿಯನ್ನೂ ಹಬೆಯ ಯಂತ್ರದಲ್ಲಿಟ್ಟು ಶುದ್ಧ ಮಾಡಿದೆ. ಪಂಜರದ ಹಳೆಯ ಸೊಳ್ಳೆಗಳು ಇಟ್ಟಿದ್ದ ಮೊಟ್ಟೆಗಳನ್ನು ಕೂಡ ತೊಳೆದೇ ಬಿಟ್ಟೆ. ಟ್ರೇಗಳು ಎಷ್ಟು ಬೆಳ್ಳಗಿದ್ದವೆಂದರೆ ನನ್ನ ಮುಖ ಕಾಣುತ್ತಿತ್ತು.

ಲ್ಯಾಬಿನ ಮುಖ್ಯಸ್ಥೆ ಬಾಗಿಲ ಗಾಜಿನಿಂದ ಇಣುಕಿದರು. ಹೋದಲ್ಲೆಲ್ಲ ದೀಪ ಆರಿಸುತ್ತ ನಡೆಯುವುದರಿಂದ ಎಲ್ಲರೂ ಅವರನ್ನು ಕತ್ತಲೆ ಮೇಡಂ ಎನ್ನುತ್ತಾರೆ. ‘ಹೊಸ ಸೊಸೆ ಅಡುಗೆಮನೆ ತಿಕ್ಕಿದ ಹಾಗಿದೆ’ ಎಂದರು. ಅದು ಹೊಗಳಿಕೆ ಎಂದು ತೆಗೆದುಕೊಂಡೆ.

ಮನೆಯಲ್ಲಿ ಅವನ ಅಮ್ಮ ಮತ್ತೆ ಡಬ್ಬಿಗೆ ತೆಗೆದಿಟ್ಟರು. ಬೆಳಿಗ್ಗೆ ಅದನ್ನು ಅವರೇ ಬಿಸಿ ಮಾಡಿ ತಿನ್ನುತ್ತಾರೆ. ನನಗೆ ಕೊಡುವುದಿಲ್ಲ. ಅವರ ಮನೆಯ ಎಷ್ಟೋ ವಿಷಯ ನನಗಿನ್ನೂ ತಿಳಿಯದು.

ಮಾರ್ಚ್ 14

ಮೊಟ್ಟೆ ಒಡೆದಿವೆ! ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಂಥ ಚುಕ್ಕೆಗಳು, ಆದರೆ ಓಡಾಡುತ್ತಿವೆ. ಸಾವಿರ ಮಕ್ಕಳ ತಾಯಿಯಾದೆನೆಂದು ದಾರಿಯುದ್ದಕ್ಕೂ ನಗುತ್ತ ಬಂದೆ. ಅವನ ದಿಂಬಿನ ವಾಸನೆ ಕಡಿಮೆಯಾಗುತ್ತಿದೆ. ಗವಸು ಒಗೆಯಲು ಅವನ ಅಮ್ಮ ಎರಡು ಸಲ ಕೇಳಿದರು. ನಾಳೆ, ನಾಳೆ ಎಂದು ತಪ್ಪಿಸಿಕೊಂಡಿದ್ದೇನೆ.

ಮಾರ್ಚ್ 17

ಫೋನ್. ಗಾಳಿ ಕಡಿಮೆ ಇತ್ತು. ದನಿ ಮಂಕಾಗಿತ್ತು. ಆ ಹೊಂಡ ಇಲ್ಲವಂತೆ. ಉಗ್ರಾಣ ಕಟ್ಟುವುದಕ್ಕೆಂದು ಲಾರಿಗಟ್ಟಲೆ ಮಣ್ಣು ಸುರಿದು ಮುಚ್ಚಿಬಿಟ್ಟಿದ್ದಾರೆ. ಅವನು ಹೋಗಿ ನಿಂತಾಗ ಅಲ್ಲಿ ರೋಡ್ ರೋಲರ್ ನಿಂತಿತ್ತು.

‘ಆ ಸಂಸಾರ ಇನ್ನು ಉಳಿದಿರೋದು ನಿನ್ನ ಹತ್ರ ಮಾತ್ರ ಕಣೇ,’ ಎಂದ.

ನಿನ್ನ ಹತ್ರ ಮಾತ್ರ. ಅವನ ದುಃಖಕ್ಕೆ ಅಳಬೇಕೋ, ಈ ಮಾತಿಗೆ ಕುಣಿಯಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಮಾರ್ಚ್ 21

ಮರಿಗಳು ಬೆಳೆಯುತ್ತಿಲ್ಲ.

ಇಷ್ಟು ಹೊತ್ತಿಗೆ ದಾರದ ಚೂರುಗಳಾಗಿರಬೇಕಿತ್ತು. ಇನ್ನೂ ಚುಕ್ಕೆಗಳೇ. ಸಾಯುತ್ತಲೂ ಇಲ್ಲ, ಬೆಳೆಯುತ್ತಲೂ ಇಲ್ಲ. ಹುಟ್ಟಿದ ದಿನದಲ್ಲೇ ನಿಂತುಬಿಟ್ಟಿವೆ. ಊಟ ಹೆಚ್ಚಿಸಿದೆ. ಬಿಸಿ ಹೆಚ್ಚಿಸಿದೆ. ಮತ್ತೊಮ್ಮೆ ನೀರು ಬದಲಿಸಿದೆ, ಇನ್ನೂ ಶುದ್ಧವಾದದ್ದು. ಕೆಲವನ್ನು ಅರೆದು, ಹೊಟ್ಟೆಯಲ್ಲಿ ಏನಿದೆ ನೋಡೋಣವೆಂದು ಯಂತ್ರಕ್ಕೆ ಹಾಕಿ ಬಂದೆ.

ಸಂಜೆ ಅವನು ಫೋನ್ ಮಾಡಿದ. ನಿನ್ನ ಮಕ್ಕಳು ಹೇಗಿದಾರೆ ಎಂದು ಕೇಳಿದ. ಚೆನ್ನಾಗಿದಾರೆ ಎಂದೆ.

ಮಾರ್ಚ್ 24, ಸೋಮವಾರ

ಫಲಿತಾಂಶ ಬಂತು. ನಾನು ದಿನವೂ ಓದುವ ಪರದೆ, ದಿನವೂ ಓದುವ ಹೆಸರುಗಳು. ಜೌಗಿನ ಆ ಕೂಟದ ಒಂದು ಹೆಸರೂ ಇಲ್ಲ. ಅಷ್ಟೋ ಇಷ್ಟೋ ಇರುವುದೆಲ್ಲ ಮನುಷ್ಯರ ಚರ್ಮದ ಮೇಲಿರುವ ಬ್ಯಾಕ್ಟೀರಿಯಾ. ಟ್ರೇಗೆ ಕೈ ಹಾಕಿದವಳು ನಾನೊಬ್ಬಳೇ. ಎಲ್ಲವೂ ನನ್ನ ಕೈಯದ್ದು.

ಬ್ಯಾಕ್ಟೀರಿಯಾ ಇಲ್ಲದೆ ಮರಿ ಬೆಳೆಯುವುದಿಲ್ಲ. ಇದು ನನಗೆ ಗೊತ್ತಿರದ ಸಂಗತಿಯಲ್ಲ, ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದೇನೆ. ಅದು ಇಂಗ್ಲಿಷಿನಲ್ಲಿ ಗೊತ್ತಿತ್ತು. ಸಿಂಕಿನ ಮುಂದೆ ತೋಳು ಮಡಚಿ ನಿಂತಾಗ ಗೊತ್ತಿರಲಿಲ್ಲ. ಆದರೆ ಅವನೇ ಹೇಳಿದ್ದಲ್ಲವೇ ನೀರು ತೆಗೆಯಲು? ಅವನೇಕೆ ಹಾಗೆ ಹೇಳಿದ? ನನ್ನ ಮೇಲೆ ಬಿಟ್ಟು ಹೋಗಿದ್ದಕ್ಕೆ, ಹೋಗಿದ್ದಕ್ಕೇ, ಅವನ ಮೇಲೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅವನು ಈ ಕ್ಷಣ ಇಲ್ಲಿರಬೇಕಿತ್ತು ಅನ್ನಿಸಿತು. ಎರಡೂ ಒಟ್ಟಿಗೆ ಬಂದರೆ ಎದೆಯಲ್ಲಿ ಜಾಗವೇ ಸಾಲುವುದಿಲ್ಲ.

ಮಾರ್ಚ್ 25

ಇವತ್ತು ಅತ್ತೆಯ ಮುಂದೆ ಅತ್ತೆ. (ಬರೆದು ನೋಡಿದರೆ ತಮಾಷೆಯಾಗಿದೆ. ಆಗ ತಮಾಷೆಯಾಗಿರಲಿಲ್ಲ.)

ಊಟಕ್ಕೆ ಕೂತಿದ್ದೆವು. ಅತ್ತೆ ಎಂದಿನಂತೆ ಡಬ್ಬಿಗೆ ಹಾಕುತ್ತಿದ್ದರು. ಎಷ್ಟಾಯ್ತು ಇವತ್ತು ಮರಿಗಳು ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ ಒಂದು ಸಂಖ್ಯೆ ಹೇಳಿ ಗಳಗಳನೆ ಅಳತೊಡಗಿದೆ. ‘ಲೆಕ್ಕ ಇಂಗ್ಲಿಷಲ್ಲಿ, ಅಳು ಕನ್ನಡದಲ್ಲಿ. ಪರವಾಗಿಲ್ಲ, ಅರ್ಧ ಆದ್ರೂ ನಮ್ಮದಿದೆ’ ಎಂದು ನೀರು ಕೊಟ್ಟರು. ಎಲ್ಲ ಹೇಳಿದೆ. ನೀರು ಸುರಿದದ್ದು, ಉಜ್ಜಿದ್ದು, ಹೊಂಡ ಮುಚ್ಚಿದ್ದು, ಇವರೇ ಹಾಗೆ ಮಾಡು ಎಂದದ್ದು.

ಅತ್ತೆ ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ಕೇಳಿದರು:

‘ತೆಗ್ದ್‌ಬಿಡು ಅಂದ್ನೋ, ತೆಗ್ದಿಡು ಅಂದ್ನೋ?’

ನನಗೆ ಒಂದು ಕ್ಷಣ ವ್ಯತ್ಯಾಸವೇ ಹೊಳೆಯಲಿಲ್ಲ. ತೆಗೆ ಅಂದರೆ ತೆಗೆ ಅಲ್ಲವೇ?

‘ಇದು ತೆಗ್ದಿಡೋದು,’ ಎಂದು ಡಬ್ಬಿ ತೋರಿಸಿದರು. ಆಮೇಲೆ ತಟ್ಟೆಯ ಅಂಚಿನ ಸಿಪ್ಪೆಗಳನ್ನು ತೋರಿಸಿ, ‘ಅದು ತೆಗ್ದ್‌ಬಿಡೋದು.’

ಗಾಳಿ, ಗರಗರ, ಟ್ಯಾಂಕಿನ ಮೇಲೆ ಅವನು. ಹಳೆ ನೀರು ತೆಗ್ದ್ ಏನೋ ಡು. ನಡುವಿನ ಚೂರನ್ನು ನಾನೇ ತುಂಬಿಕೊಂಡಿದ್ದೆ. ಹೊಸ ಟ್ರೇಗೆ ಬೆರೆಸಲೆಂದು ಇಡಬೇಕಿದ್ದ ನೀರನ್ನು ಚೆಲ್ಲಿದ್ದೆ.

‘ಕೆಟ್ಟ ಲೈನಲ್ಲಿ ಮೊದಲು ಹೋಗೋದು ಮಾತಿನ ಬಾಲ’ ಎಂದರು ಅತ್ತೆ. ‘ಕನ್ನಡದಲ್ಲಿ ಇರೋದೆಲ್ಲ ಬಾಲದಲ್ಲೇ. ನಾವು ಆಪರೇಟರುಗಳು ಅದಕ್ಕೇ ಎರಡೆರಡು ಸಲ ಕೇಳ್ತಿದ್ವಿ. ಬರ್ತಾನಂತಾ, ಬರಲ್ವಂತಾ, ಅಂತ.’

ಆಮೇಲೆ ತಮ್ಮ ಪಾಡಿಗೆ ಹೇಳುತ್ತ ಹೋದರು. ಮಾವ ರೈಲಿನಲ್ಲಿ ಗಾರ್ಡ್ ಆಗಿದ್ದರಂತೆ. ಯಾವ ಗಾಡಿ ಎಷ್ಟು ಹೊತ್ತಿಗೆ ಬಂದೀತೆಂದು ಹೇಳುವ ಹಾಗಿರಲಿಲ್ಲ. ತೆಗೆದಿಡುವುದು ಅಲ್ಲಿಂದ ಅಂಟಿದ ಅಭ್ಯಾಸ. ಅವರು ತೀರಿಕೊಂಡ ಮೇಲೂ ಬಹಳ ಕಾಲ ಕೈ ತಾನಾಗಿ ತೆಗೆದಿಡುತ್ತಿತ್ತಂತೆ. ‘ಬೆಳಿಗ್ಗೆ ಅದನ್ನ ತಿನ್ನೋವಾಗ ಅವರ ಜೊತೆಗೇ ಊಟಕ್ಕೆ ಕೂತಂಗಿರ್ತಿತ್ತು. ಅಷ್ಟೇ.’

ನಾನು ಆ ಡಬ್ಬಿಯನ್ನು ನೋಡಿ ನಕ್ಕಿದ್ದೆ.

ಮಾರ್ಚ್ 26

ಬಸ್ಸಿನಲ್ಲಿ ನಿಂತಿದ್ದಾಗ ಹೊಳೆಯಿತು.

ನೀರು ಚರಂಡಿ ಸೇರಿತು, ನಿಜ. ಆದರೆ ನಾನು ಉಜ್ಜುವ ಮೊದಲೇ ಪ್ಯೂಪಾಗಳನ್ನು ಅವುಗಳ ನೀರಿನ ಸಮೇತ ಪಂಜರಕ್ಕೆ ಇಟ್ಟಿದ್ದೆ. ಅವು ಸೊಳ್ಳೆಗಳಾಗಿ ಹೊರಬಂದವು. ಹೊರಬಂದಾಗ ಒಂದೊಂದು ಗುಟುಕು ಕುಡಿದಿರುತ್ತವೆ!

ನಾನು ತೆಗೆದುಬಿಟ್ಟಿದ್ದೆ. ಅವು ತೆಗೆದಿಟ್ಟಿವೆ.

ನನ್ನ ನಿಲ್ದಾಣ ದಾಟಿ ಮುಂದೆ ಹೋಗಿ ನಡೆದು ಬಂದೆ. ಪಂಜರದಲ್ಲಿ ಹೆಚ್ಚು ಉಳಿದಿಲ್ಲ, ಬಹಳಷ್ಟು ಮುದಿಯಾಗಿ ಕೆಳಗೆ ಬಿದ್ದಿವೆ. ಉಳಿದವು ಬಲೆಗೆ ಅಂಟಿಕೊಂಡು ಕೂತಿವೆ. ಹೆಣ್ಣುಗಳು ಇನ್ನೊಂದು ಸಲ ಮೊಟ್ಟೆಯಿಟ್ಟರೆ, ಇಡುವಾಗ ತಾಯಿಯ ಮೈಯಿಂದ ಆ ಸಂಸಾರವೂ ನೀರಿಗಿಳಿಯುತ್ತದೆ. ಮೊಟ್ಟೆಯಿಡಬೇಕಾದರೆ ಅವಕ್ಕೆ ರಕ್ತ ಬೇಕು. ರಕ್ತ ಬೆಚ್ಚಗಿಟ್ಟು ಉಣಿಸುವ ಯಂತ್ರ ಕೆಟ್ಟು ಕೂತಿದೆ, ರಿಪೇರಿಯವನು ಮುಂದಿನ ವಾರ ಎನ್ನುತ್ತಾನೆ. ಇವು ಮುಂದಿನ ವಾರ ನೋಡುವುದಿಲ್ಲ.

ಮಾರ್ಚ್ 27

ಕತ್ತಲೆ ಮೇಡಂ ಬಳಿ ಹೋಗಿ ನನ್ನ ಕೈಯನ್ನೇ ಕೊಡುತ್ತೇನೆಂದೆ. ಎಲ್ಲವನ್ನೂ ಹೇಳಬೇಕಾಯಿತು. ಅವರು ಬೈಯುತ್ತಾರೆಂದು ಕಾದೆ. ಈ ಸೊಳ್ಳೆಗಳು ಇಲ್ಲೇ ಹುಟ್ಟಿದವು, ರೋಗವಿಲ್ಲದವು, ತಾವೂ ಎಳೆಯ ವಯಸ್ಸಿನಲ್ಲಿ ಎಷ್ಟೋ ಸಲ ತೋಳು ಕೊಟ್ಟಿದ್ದೇನೆ ಎಂದರು. ರಕ್ತ ಪರೀಕ್ಷೆ ಮಾಡಿಸಿ ಬಾ ಎಂದು ಕಳಿಸಿದರು. ವರದಿ ಸರಿಯಿತ್ತು. ಮಧ್ಯಾಹ್ನ ಅವರೇ ಬಂದು ಪಕ್ಕದಲ್ಲಿ ಕೂತರು. ದೀಪ ಆರಿಸಿದರು. ಈ ಸಲ ಅದಕ್ಕೆ ಕಾರಣವಿತ್ತು, ಇವು ಮಬ್ಬಿನಲ್ಲೇ ಕಚ್ಚುವುದು.

ಪಂಜರದ ಬಟ್ಟೆಯ ತೋಳಿನೊಳಗಿಂದ ಕೈ ತೂರಿಸಿ ಮುಂಗೈ ಮೇಲಕ್ಕೆ ಮಾಡಿ ಇಟ್ಟೆ. ಹುಟ್ಟಿದಾಗಿನಿಂದ ಸೊಳ್ಳೆ ಕಂಡರೆ ಚಪ್ಪಾಳೆ ತಟ್ಟಿದವಳು ಅಲುಗದೆ ಕೂತಿದ್ದೆ. ಮೊದಲು ಯಾವುದೂ ಬರಲಿಲ್ಲ. ಬನ್ನಿ, ಬನ್ನಿ ಎಂದು ಮನಸ್ಸಿನಲ್ಲೇ ಕರೆದೆ. ಆಮೇಲೆ ಒಂದು, ರೆಕ್ಕೆಯ ಅಂಚು ಹರಿದಿದ್ದದ್ದು, ತೂರಾಡಿಕೊಂಡು ಬಂದು ಮಣಿಕಟ್ಟಿನ ಹತ್ತಿರ ಕೂತಿತು. ಹಿಂಭಾಗ ಎತ್ತಿ, ತಲೆ ತಗ್ಗಿಸಿ. ಹೊಟ್ಟೆ ಮೆಲ್ಲಗೆ ಕೆಂಪಾಯಿತು. ಇನ್ನೊಂದು ಬಂತು. ಇನ್ನೊಂದು.

ಅವನೂ ಹೀಗೆ ತೋಳು ಕೊಟ್ಟಿರಬೇಕು, ಹಸಿವಿನಿಂದ ಯಾರಾದರೂ ಬಂದು ಕೂತರೆ ಹೇಗಿರುತ್ತದೆಂದು ಅವನಿಗೆ ಗೊತ್ತಿರಬೇಕು. ನಾನು ಕೇಳಿಯೇ ಇರಲಿಲ್ಲ.

ಮಾರ್ಚ್ 28

ಮುಂಗೈ ಊದಿಕೊಂಡು ದಪ್ಪ ಹಲಸಿನ ಸಿಪ್ಪೆಯಂತಾಗಿದೆ. ಅತ್ತೆ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ‘ಗಂಡ ಹಿಡಿಯೋ ಕೈನ ಸೊಳ್ಳೆಗೆ ಕೊಟ್ಟು ಬಂದಿದಾಳೆ. ನಾಳೆ ಅವನು ಬಂದು ಕೇಳಿದ್ರೆ ನಾನೇನು ಹೇಳ್ಲಿ?’ ಎಂದರು. ಅವರ ಸೊಳ್ಳೆಗೇ ಕೊಟ್ಟಿದ್ದು ಅತ್ತೆ, ಬೀಗರ ಮನೆಯವರು ಎಂದೆ. ಅವರು ನಗುತ್ತಲೇ ಐಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಒತ್ತಿದರು. ಬಹಳ ಹೊತ್ತು ಒತ್ತಿದರು.

ದಿಂಬಿನ ಗವಸು ಒಗೆಯಲು ಕೊಟ್ಟೆ.

ಮಾರ್ಚ್ 29, ಶನಿವಾರ

ಅವನ ಫೋನ್. ಬೇರೆ ಮಾತಿಗೆ ಆಸ್ಪದ ಕೊಡದೆ, ಹಳೆ ನೀರನ್ನ ಚೆಲ್ಲಿಬಿಟ್ಟೆ ಕಣೋ, ತೆಗೆದಿಡಲಿಲ್ಲ, ಚೆಲ್ಲಿಬಿಟ್ಟೆ, ಮರಿಗಳೆಲ್ಲ ನಿಂತುಹೋದವು ಎಂದೆ. ಆ ಕಡೆ ಗಾಳಿ. ಮತ್ತೆ ಗಾಳಿ. ಕಟ್.

ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ನಾನು ಮಾಡಿದರೆ ಹೋಗುತ್ತಿಲ್ಲ.

ಮಾರ್ಚ್ 31

ಮೊಟ್ಟೆ ಇಟ್ಟಿವೆ. ಬಟ್ಟಲಿನ ಅಂಚಿನಲ್ಲಿ ಕರಿ ಎಳ್ಳಿನ ಪುಡಿ ಚೆಲ್ಲಿದಂತೆ, ಒಂದು ಚಿಟಿಕೆಯಷ್ಟು. ಈ ಬಟ್ಟಲಿಗೆ ಬಾವಿಯ ನೀರು ಹಾಕಿದ್ದೆ, ಕುದಿಸದೆ. ನಾನು ಕೈ ಹಾಕಲಿಲ್ಲ. ಏನೂ ತೊಳೆಯಲಿಲ್ಲ. ತೊಳೆಯದೆ ಇರುವುದು ಎಷ್ಟು ಕಷ್ಟ!

ಹರಿದ ರೆಕ್ಕೆಯದ್ದು ಬಟ್ಟಲಿನ ಪಕ್ಕ ಸತ್ತು ಬಿದ್ದಿತ್ತು. ಎತ್ತಿ ಬಿಸಾಡಲು ಮನಸ್ಸಾಗದೆ ನೀರಿಗೇ ಹಾಕಿದೆ. ಅದರಲ್ಲಿದ್ದದ್ದೂ ಅಲ್ಲೇ ಇಳಿಯಲಿ.

ಅವನ ಫೋನ್ ಇಲ್ಲ.

ಏಪ್ರಿಲ್ 6

ಬೆಳೆಯುತ್ತಿವೆ. ದಾರದ ಚೂರುಗಳಾಗಿವೆ. ನೆರಳು ಬಿದ್ದರೆ ಹಿಂದಕ್ಕೆ ಜಾರುತ್ತಿವೆ. ನೀರು ಕದಡಿದೆ, ಟೀ ಬಣ್ಣಕ್ಕೆ ತಿರುಗುತ್ತಿದೆ. ಅದಕ್ಕಿಂತ ಚಂದದ ಬಣ್ಣ ನಾನು ನೋಡಿಲ್ಲ.

ಫೋನ್ ಇಲ್ಲ. ಬಾಗಿಲಾಚೆ ಏಣಿಯ ಸದ್ದಾದರೂ (ಪಕ್ಕದ ಮನೆಯವರು ಬಣ್ಣ ಹೊಡೆಸುತ್ತಿದ್ದಾರೆ) ಅವನು ಟ್ಯಾಂಕು ಹತ್ತುತ್ತಿದ್ದಾನೆ ಅನ್ನಿಸುತ್ತದೆ. ಅತ್ತೆ ಏನೂ ಕೇಳುವುದಿಲ್ಲ. ಫೋನನ್ನು ಊಟದ ಮೇಜಿನ ಮೇಲೆ, ಇಬ್ಬರ ನಡುವೆ ಇಡುತ್ತಾರೆ. ಇವತ್ತು ಬೆಳಿಗ್ಗೆ ಡಬ್ಬಿಯದನ್ನು ಬಿಸಿ ಮಾಡಿ ಅರ್ಧ ನನ್ನ ತಟ್ಟೆಗೆ ಹಾಕಿದರು.

ಏಪ್ರಿಲ್ 13, ಭಾನುವಾರ

ರಜೆಯಾದರೂ ಹೋದೆ, ಅತ್ತೆಯನ್ನೂ ಕರೆದುಕೊಂಡು. ಕಾವಲುಗಾರ ಇವರು ಯಾರು ಎಂದ. ‘ಇವಳ ಮಕ್ಕಳ ಅಜ್ಜಿ’ ಎಂದರು ಅತ್ತೆ. ಅವನು ಏನೂ ಅರ್ಥವಾಗದೆ ಒಳಗೆ ಬಿಟ್ಟ.

ಅಲ್ಪವಿರಾಮಗಳು ಒಡೆಯುತ್ತಿದ್ದವು. ಬೆನ್ನು ಸೀಳಿ ಮೊದಲು ಎದೆ ಮೇಲೇಳುತ್ತದೆ, ಆಮೇಲೆ ತಲೆ, ಆಮೇಲೆ ಕೂದಲಿನಂಥ ಕಾಲುಗಳನ್ನು ಒಂದೊಂದಾಗಿ ಎಳೆದುಕೊಳ್ಳುತ್ತದೆ. ಕಳಚಿದ ಸಿಪ್ಪೆಯನ್ನೇ ದೋಣಿ ಮಾಡಿಕೊಂಡು ಅದರ ಮೇಲೆ ನಿಲ್ಲುತ್ತದೆ. ಒದ್ದೆ ರೆಕ್ಕೆ, ಬಿಳಿಚಿದ ಮೈ. ಹೋಗಬೇಕಾದ ಕಡೆ ಹೋಗಲು ಇನ್ನೂ ಧೈರ್ಯ ಬಂದಿಲ್ಲ. ಆಗ ಒಂದು ತಲೆ ಬಗ್ಗಿಸಿತು. ಕುಡಿಯಿತೋ, ನಾನು ನೋಡಬೇಕೆಂದುಕೊಂಡದ್ದನ್ನು ನೋಡಿದೆನೋ ಹೇಳಲಾರೆ. ಅತ್ತೆ ಕನ್ನಡಕ ಮೇಲೆ ಸರಿಸಿ, ‘ಕುಡೀತು’ ಎಂದರು. ಹಾಗಾದರೆ ಕುಡಿದಿದೆ.

ಈ ಹೊಸ ಮರಿಗಳಲ್ಲಿ ಕೆಲವನ್ನು ಪರೀಕ್ಷೆಗೆ ಹಾಕಿದ್ದೆ, ಅದರ ಫಲಿತಾಂಶವೂ ಬಂದಿತ್ತು. ಹೊಂಡದ ಕೂಟದ ಹೆಸರುಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು, ದೂರದ ಊರಿಂದ ಬಂದಿಳಿದ ನೆಂಟರಂತೆ. ಎಲ್ಲ ಬಂದಿಲ್ಲ, ಒಂದೆರಡು ಕಳೆದುಹೋಗಿವೆ. ಕೊನೆಯಲ್ಲಿ, ಚೂರೇ ಚೂರು, ನನ್ನ ಕೈಯದ್ದೂ ಒಂದು ಇತ್ತು. ನಾನು ಕೈ ಹಾಕಿರಲಿಲ್ಲವಲ್ಲ ಎಂದು ಯೋಚಿಸಿದೆ. ಆಮೇಲೆ ನೆನಪಾಯಿತು, ಅವುಗಳ ತಾಯಂದಿರು ನನ್ನ ತೋಳಿನ ಮೇಲೆ ಕೂತೆದ್ದು ಹೋಗಿದ್ದವು. ಅದನ್ನು ಹೇಗೆ ತೆಗೆಯಬೇಕೆಂದು ಕತ್ತಲೆ ಮೇಡಂ ಅವರನ್ನು ಫೋನಿನಲ್ಲಿ ಕೇಳಿದೆ. ಸೇರಿಕೊಂಡಾಗಿದೆ, ಇರಲಿ ಬಿಡು, ಎಂದರು.

ಬರುವಾಗ ಟ್ರೇಯ ಹಳೆಯ ನೀರನ್ನು ಎರಡು ಸೀಸೆಗೆ ತುಂಬಿ ತಂಪು ಪೆಟ್ಟಿಗೆಯಲ್ಲಿಟ್ಟೆ. ಒಂದು ಲೋಟ ಹೊಸ ಟ್ರೇಗೆ ಹಾಕಿದೆ.

ಏಪ್ರಿಲ್ 16

ಫೋನ್ ಬಂತು.

ಅತ್ತೆ ಎತ್ತಿ, ‘ಒಂದ್ನಿಮಿಷ’ ಎಂದು ನನಗೆ ಕೊಟ್ಟರು. ಮಾತಾಡಿ ಎನ್ನಲಿಲ್ಲ. ಎದ್ದು ಆಚೆಗೂ ಹೋಗಲಿಲ್ಲ, ನಿಯಮ ಮರೆತಂತೆ ಅಲ್ಲೇ ಕೂತರು.

ಅವನಿಗೆ ಅವತ್ತು ಎಲ್ಲ ಕೇಳಿಸಿತ್ತು. ಅವನ ಮಾತು ನನಗೆ ಬಂದಿರಲಿಲ್ಲ, ಅಷ್ಟೇ. ಕೇಳಿಸಿಕೊಂಡವನು ಟ್ಯಾಂಕಿನಿಂದ ಇಳಿದು, ಚೀಲ ಹೊತ್ತು, ಅಂಥದೇ ನೀರು ಇನ್ನೆಲ್ಲಾದರೂ ಇದೆಯೇ ಎಂದು ಹೊಂಡದಿಂದ ಹೊಂಡಕ್ಕೆ ನಡೆದುಹೋಗಿದ್ದಾನೆ, ಸಿಗ್ನಲ್ಲೇ ಇಲ್ಲದ ಕಡೆ. ನಿನ್ನೆ ವಾಪಸು ಬಂದನಂತೆ.

‘ನಿಂಗೆ ಬೈಯಬೇಕು ಅಂತ ಮೊದಲ ದಿನ ಅಂದ್ಕೊಂಡೆ’ ಎಂದ. ‘ಎರಡನೇ ದಿನ, ಹೊರಡೋ ಮೊದಲೇ ಹೇಳದೆ ಇದ್ದ ನಂಗೆ ನಾನೇ ಬೈಕೊಂಡೆ. ಆಮೇಲೆ ಬರೀ ನಿನ್ನ ಜೊತೆ ಮಾತಾಡ್ಬೇಕು ಅನ್ನಿಸ್ತಿತ್ತು.’

ಬದುಕಿವೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಿನ್ನ ಸಂಸಾರ ಬದುಕಿದೆ, ಗುಟುಕು ಗುಟುಕಾಗಿ ಪಂಜರದಲ್ಲಿತ್ತು ಎಂದೆ. ಲೈನ್ ಹೋಯಿತೆಂದುಕೊಂಡೆ. ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಲೈನ್ ಇತ್ತು.

ಆಮೇಲೆ ಹೇಳಿದ. ನಡೆದ ದಾರಿಯಲ್ಲಿ ಮೂರು ಹೊಂಡ ಸಿಕ್ಕಿವೆ. ಅಲ್ಲೂ ಮಣ್ಣು ಸುರಿಯಲು ಗುರುತಿನ ಕಂಬ ನೆಟ್ಟಿದ್ದಾರೆ. ಅವುಗಳಲ್ಲಿ ಏನಿದೆಯೆಂದು ಪೂರ್ತಿ ನೋಡಬೇಕಾದರೆ ಇನ್ನೂ ಒಂದು ತಿಂಗಳು ಹೆಚ್ಚಿಗೆ ಬೇಕು. ‘ಬೇಡ ಅನ್ನು, ನಾಳೆ ಬಸ್ಸಿಗೆ ಬಂದ್ಬಿಡ್ತೀನಿ’ ಎಂದ.

ಬಂದ್ಬಿಡು. ಆ ಮಾತು ನನ್ನ ಗಂಟಲಲ್ಲಿ ಅವನು ಹೋದ ದಿನದಿಂದ ಸಿದ್ಧವಾಗಿ ನಿಂತಿದೆ. ನಾಳೆ ಸಂಜೆ ಅವನು ಆ ಕುರ್ಚಿಯಲ್ಲಿ ಕೂತಿರುವುದು ಕಾಣಿಸಿತು. ಒದ್ದೆ ಕೂದಲು, ಬಿಸಿಲಿಗೆ ಕಪ್ಪಾದ ಕುತ್ತಿಗೆ, ಎಲ್ಲವೂ. ಎದುರಿಗೆ ಅತ್ತೆ ಮೇಜಿನ ಬಟ್ಟೆಯ ಅಂಚನ್ನು ಬೆರಳಿನಿಂದ ಸುತ್ತುತ್ತಿದ್ದರು.

‘ಇರು’ ಎಂದೆ. ‘ಅವರು ಮುಚ್ಚೋ ಮೊದಲು ಎಲ್ಲಾದ್ರಲ್ಲೂ ಸ್ವಲ್ಪ ಸ್ವಲ್ಪ ತೆಗೆದಿಟ್ಕೊಂಡು ಬಾ. ತೆಗೆದು, ಇಟ್ಕೊಂಡು. ಕೇಳಿಸ್ತಾ?’

ಕೇಳಿಸಿತು ಎಂದ. ಗಾಳಿ ಏಳುತ್ತಿತ್ತು. ಬಾಲವನ್ನು ಗಾಳಿ ತಿಂದುಬಿಟ್ಟರೆ ಕಷ್ಟವೆಂದು ‘ಬಾ’ ಎಂಬುದನ್ನು ಇನ್ನೊಮ್ಮೆ ಹೇಳಿದೆ.

ಸಂಜೆ ಬಡಿಸುವ ಮೊದಲು ಡಬ್ಬಿ ತೆಗೆದು, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಹಾಕಿ ಮುಚ್ಚಳ ಒತ್ತಿದೆ. ಅತ್ತೆ ಕೈ ತೊಳೆದುಕೊಂಡು ಬಂದು ಡಬ್ಬಿಗಾಗಿ ಹುಡುಕಿದರು. ಅದು ತುಂಬಿರುವುದನ್ನು ನೋಡಿ, ನನ್ನನ್ನು ನೋಡಿದರು.

‘ಇನ್ನೂ ತುಂಬಾ ದಿನ ಇದೆ ಕಣೇ ಅವನು ಬರೋಕೆ.’

‘ಇರಲಿ ಅತ್ತೆ’ ಎಂದೆ. ‘ಬೆಳಿಗ್ಗೆ ನಾವಿಬ್ರೂ ತಿನ್ನೋಣ.’